ದೊಡ್ಡಪ್ಪ ಹೇಳದೆ ಬಿಟ್ಟ ಸಾಲು

ನಮ್ಮ ಚರ್ಚಿನಲ್ಲಿ ಒಂದು ಭಾನುವಾರವನ್ನೂ ತಪ್ಪಿಸದ ಮನುಷ್ಯ ಒಬ್ಬನೇ ಇದ್ದ. ಅವನು ದೇವರನ್ನು ನಂಬುತ್ತಿರಲಿಲ್ಲ.

ಉಳಿದವರೆಲ್ಲ ನಂಬುತ್ತಿದ್ದರು. ಆದ್ದರಿಂದ ಅವರಿಗೆ ಆಗಾಗ ನೆಗಡಿ ಬರುತ್ತಿತ್ತು, ಬೀಗರು ಬರುತ್ತಿದ್ದರು, ಮಳೆ ಬರುವ ಹಾಗಿರುತ್ತಿತ್ತು. (ರಾಯಚೂರಿನಲ್ಲಿ ಮಳೆ ಬರುವ ಹಾಗಿರುವುದೇ ಹೆಚ್ಚು, ಬರುವುದು ಕಡಿಮೆ.) ನಂಬಿಕೆ ಇದ್ದವರಿಗೆ ಒಂದು ವಾರ ತಪ್ಪಿದರೂ ಮೇಲಿನವನು ಅರ್ಥ ಮಾಡಿಕೊಳ್ಳುತ್ತಾನೆ ಎಂಬ ಧೈರ್ಯ ಇರುತ್ತದೆ. ನಮ್ಮ ದೊಡ್ಡಪ್ಪನಿಗೆ ಆ ಅನುಕೂಲ ಇರಲಿಲ್ಲ. ಅರ್ಥ ಮಾಡಿಕೊಳ್ಳುವವನೇ ಇಲ್ಲದ ಮೇಲೆ ರಜೆ ಕೇಳುವುದು ಯಾರನ್ನು?

ಎಪ್ಪತ್ತರ ದಶಕದ ಕೊನೆಗೆ ನಾನು ಕಾಲೇಜು ಓದಲು ಮಾನ್ವಿಯಿಂದ ರಾಯಚೂರಿಗೆ ಬಂದು ದೊಡ್ಡಪ್ಪನ ಮನೆ ಸೇರಿದೆ. ದೊಡ್ಡಪ್ಪ ನನ್ನ ಅಪ್ಪನ ಸ್ವಂತ ಅಣ್ಣ. ಅಪ್ಪ ಮಾನ್ವಿಯ ಚರ್ಚಿನ ಬೋಧಕ. ನಮ್ಮ ಕಡೆ ಬೋಧಕರನ್ನು ಅಯ್ಯನವರು ಎನ್ನುತ್ತೇವೆ. ಹೀಗೆ ನಾನು ನಂಬಿಕೆಯ ಮನೆಯಿಂದ ಸಂಶಯದ ಮನೆಗೆ ಬಂದವನು. ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದರೆ ಹೇಳುವುದು ಕಷ್ಟ. ಎರಡು ಕಡೆಯೂ ಜೋಳದ ರೊಟ್ಟಿ, ಪುಂಡಿ ಪಲ್ಯ. ಎರಡು ಕಡೆಯೂ ತಡವಾಗಿ ಎದ್ದರೆ ಬೈಗುಳ. ದೊಡ್ಡಪ್ಪನ ಮನೆಯಲ್ಲಿ ಒಂದು ಕಟ್ಟಳೆ ಮಾತ್ರ ಹೆಚ್ಚಿಗೆ ಇತ್ತು: ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಬಾರದು.

ಇದು ಮನೆಯಲ್ಲಿ ನಡೆದೀತು. ಬಸ್ ನಿಲ್ದಾಣದಲ್ಲಿ ನಡೆಯುತ್ತದೆಯೇ? ದೊಡ್ಡಪ್ಪನ ಉದ್ಯೋಗವೇ ರಾಯಚೂರು ಬಸ್ ನಿಲ್ದಾಣದ ಕಂಟ್ರೋಲರನದು. ಕಿಟಕಿಯೊಳಗೆ ಕುಳಿತು ಮೈಕಿನಲ್ಲಿ ಬಸ್ಸುಗಳ ಸುದ್ದಿ ಹೇಳಬೇಕು. ಅವನು 'ಬಂದಿದೆ' ಎನ್ನುತ್ತಿದ್ದ, 'ಹೊರಟಿದೆ' ಎನ್ನುತ್ತಿದ್ದ. 'ಬರುತ್ತದೆ' ಎಂಬ ಮಾತನ್ನು ಮಾತ್ರ ಆಡುತ್ತಿರಲಿಲ್ಲ.

"ಯಪ್ಪಾ, ದೇವದುರ್ಗದ ಬಸ್ಸು ಬರ್ತದೇನ್ರಿ?" ಎಂದು ಗಂಟು ಹೊತ್ತ ಮುದುಕಿಯೊಬ್ಬಳು ಕಿಟಕಿಗೆ ಬಂದು ಕೇಳುವಳು.

"ಬಂದ ಮ್ಯಾಲ ಹೇಳ್ತೀನಿ ಯವ್ವಾ."

"ಬಂದ ಮ್ಯಾಲ ನನಗ ಕಾಣ್ತದಲ್ಲೋ ಯಪ್ಪಾ."

"ಹಂಗಾರ ನನಗ್ಯಾಕ ಕೇಳ್ತಿ? ಕುಂದುರು, ನೀರು ಕುಡಿ."

ಮೇಲಿನ ಅಧಿಕಾರಿಯೊಬ್ಬರಿಗೆ ಇದು ಸರಿ ಬರಲಿಲ್ಲ. "ಸ್ವಲ್ಪ ಹೊತ್ತಿನ್ಯಾಗ ಬರ್ತದ ಅಂತ ಹೇಳ್ರಿ. ಜನಕ್ಕ ಸಮಾಧಾನ ಆಗ್ತದ" ಎಂದು ಆಜ್ಞೆ ಮಾಡಿದರು. ದೊಡ್ಡಪ್ಪ ಆಜ್ಞೆ ಮೀರುವವನಲ್ಲ. ಮೈಕು ಹಿಡಿದು ಶುದ್ಧ ಗ್ರಂಥಸ್ಥ ಕನ್ನಡದಲ್ಲಿ ಸಾರಿದ: "ಪ್ರಯಾಣಿಕರ ಗಮನಕ್ಕೆ. ದೇವದುರ್ಗಕ್ಕೆ ಹೋಗುವ ಬಸ್ಸು ಸ್ವಲ್ಪ ಹೊತ್ತಿನಲ್ಲಿ ಬರುತ್ತದೆ ಎಂದು ಹೇಳುವಂತೆ ನನಗೆ ಹೇಳಿದ್ದಾರೆ."

ಅಧಿಕಾರಿ ಮತ್ತೆ ಆ ಆಜ್ಞೆ ಮಾಡಲಿಲ್ಲ.

ಮುದುಕಿಗೆ ಕುಡಿ ಎಂದ ನೀರು ಎಲ್ಲಿಯದು ಎನ್ನುತ್ತೀರಾ? ಬೇಸಿಗೆ ಶುರುವಾಗುತ್ತಲೇ ದೊಡ್ಡಪ್ಪ ತನ್ನ ಕಿಟಕಿಯ ಪಕ್ಕ ಮರಳು ಹಾಸಿ, ಒಂದು ದೊಡ್ಡ ಗಡಿಗೆ ಇಟ್ಟು, ಒದ್ದೆ ಅರಿವೆ ಸುತ್ತುತ್ತಿದ್ದ. ರಾಯಚೂರಿನ ಬಿಸಿಲಿಗೆ ಕಾಗೆಗಳೂ ನೆರಳು ನೋಡಿಕೊಂಡು ಹಾರುತ್ತವೆ. ಕೆಲಸಕ್ಕೆ ಹೋಗುವ ಮುಂಚೆ ತಾನೇ ನೀರು ಹೊತ್ತು ತುಂಬುತ್ತಿದ್ದ, ಭಾನುವಾರ ರಜೆಯಿದ್ದರೂ. ಪ್ರಯಾಣಿಕರೊಬ್ಬರು ನೀರು ಕುಡಿದು, "ದೇವರು ನಿಮಗ ಒಳ್ಳೇದು ಮಾಡ್ಲಿ. ದೊಡ್ಡ ಪುಣ್ಯದ ಕೆಲಸ" ಎಂದರು. ದೊಡ್ಡಪ್ಪ ಗಂಭೀರವಾಗಿ, "ಬಿಸಲ ಅದ, ಗಡಿಗಿ ಅದ, ನೀರ ಅದ. ನಡುವ ಅವನ್ನ ಯಾಕ ಎಳೀತೀರಿ? ಅವನೇನು ಬಂದು ಹೊತ್ತಾನೇನು?" ಎಂದ. ಆ ಪುಣ್ಯಾತ್ಮರು ಎರಡನೇ ಲೋಟ ಕುಡಿಯಬೇಕೋ ಬೇಡವೋ ಎಂದು ಯೋಚಿಸುತ್ತ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನೆರೆಮನೆಯಲ್ಲಿ ಮಾನ್ವಿ ಕಡೆಯವರೇ ಆದ ಆಚಾರ್ರು ಇದ್ದರು, ನಿವೃತ್ತ ಸಂಸ್ಕೃತ ಮೇಷ್ಟ್ರು. ಸಂಜೆ ದೊಡ್ಡಪ್ಪನನ್ನು ಕೆಣಕದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ಕಟ್ಟೆಯ ಮೇಲೆ ಕೂತು, "ಅಲ್ರೀ, ದೇವರಿಲ್ಲ ಅಂತೀರಲ್ಲ, ಯಾವ ದೇವರಿಲ್ಲ?" ಎಂದು ಕೇಳಿದರು.

"ನಮ್ಮ ದೇವರ ಮಾತು ಹೇಳಾಕತ್ತೀನಿ ಆಚಾರ್ರ. ನಿಮ್ಮ ದೇವರ ಸುದ್ದಿಗೆ ಬರಾಕ ನಾ ಯಾರು?"

ಆಚಾರ್ರು ಹೆಗಲ ಮೇಲಿನ ಉಪರಣೆಯಲ್ಲಿ ಮುಖ ಒರೆಸಿಕೊಂಡು ನಕ್ಕರು. "ನಾಸ್ತಿಕನಾಗಿ ಇಷ್ಟು ಮಡಿ ಮಾಡೋರನ್ನ ನಾನು ಕಂಡಿಲ್ಲ" ಎಂದು ಊರೆಲ್ಲ ಹೇಳಿಕೊಂಡು ಬಂದರು.

ಇನ್ನು ರಾಯಚೂರಿನ ನಮ್ಮ ಚರ್ಚಿನ ಸಂಗತಿ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಎಲ್ಲ ಕಡೆ ಸಭೆಯವರು ಒಟ್ಟಿಗೆ ಹೇಳುತ್ತಾರೆ. ನಮ್ಮಲ್ಲಿ ಹಾಗಲ್ಲ. ನಮ್ಮ ಹಿರಿಯರು ಮೊದಲು ಚರ್ಚಿಗೆ ಬಂದಾಗ ಅವರಿಗೆ ಓದು ಬರುತ್ತಿರಲಿಲ್ಲ. ಅಯ್ಯನವರು ಒಂದು ಸಾಲು ಹೇಳಬೇಕು, ಜನ ಅದನ್ನೇ ತಿರುಗಿ ಹೇಳಬೇಕು. ಮೊಮ್ಮಕ್ಕಳು ಬಿ.ಎ. ಮಾಡಿದರೂ ಆ ರೂಢಿ ಹಾಗೇ ಉಳಿದಿತ್ತು. ಅಯ್ಯನವರು ನಿಂತರೆ ನಾವೂ ನಿಲ್ಲುತ್ತಿದ್ದೆವು. ಅವರಿಗೆ ಕೆಮ್ಮು ಬಂದರೆ ಎಲ್ಲರೂ ಬಾಯಿ ಅರ್ಧ ತೆರೆದು ಕಾಯುತ್ತಿದ್ದೆವು. ಒಮ್ಮೆ ನಡುವೆ ಅಯ್ಯನವರು "ಯಾರರ ಆ ನಾಯಿ ಹೊರಗ ಹಾಕ್ರಿ" ಎಂದದ್ದನ್ನೂ ಹಿಂದಿನ ಸಾಲಿನವರು ಭಕ್ತಿಯಿಂದ ತಿರುಗಿ ಹೇಳಿದ್ದುಂಟು.

ಈ ಪ್ರಾರ್ಥನೆಯಲ್ಲಿ ದೊಡ್ಡಪ್ಪ ಕೆಲವು ಸಾಲುಗಳನ್ನು ಹೇಳುತ್ತಿದ್ದ, ಕೆಲವನ್ನು ಬಿಡುತ್ತಿದ್ದ. ಬೇರೆ ಯಾರಾದರೂ ಬಿಟ್ಟಿದ್ದರೆ ಗೊತ್ತಾಗುತ್ತಿರಲಿಲ್ಲ. ಇವನದು ಬಸ್ ನಿಲ್ದಾಣದ ದನಿ. ನಿಂತರೆ ಗೋಡೆ ಬಿದ್ದ ಹಾಗೆ ಕೇಳುತ್ತಿತ್ತು. ಸ್ವರ್ಗದ ಮಾತು ಬಂದರೆ ಸುಮ್ಮನೆ. ತಾನು ಅದನ್ನು ನೋಡಿಲ್ಲ ಎಂಬುದು ಅವನ ಕಾರಣ. ಅನ್ನ ಕೊಡು ಎಂಬ ಸಾಲಿಗೆ ಮಾತ್ರ ಕಿಟಕಿಗಳು ನಡುಗುವಂತೆ ಕೂಗುತ್ತಿದ್ದ. "ಅದು ಅರ್ಜಿಲೇ. ಸಾಹೇಬ ಕುರ್ಚಿಮ್ಯಾಲ ಅದಾನೋ ಇಲ್ಲೋ ಗೊತ್ತಿಲ್ಲಂದ್ರೂ ಅರ್ಜಿ ಕೊಡಬೌದು."

ಆಮೇಲೆ ಬರುತ್ತಿತ್ತು ಕ್ಷಮೆಯ ಸಾಲು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ್ದೇವೆ, ಹಾಗೆಯೇ ನೀನೂ ನಮ್ಮನ್ನು ಕ್ಷಮಿಸು ಎಂಬ ಅರ್ಥದ್ದು. ಅದಕ್ಕೆ ದೊಡ್ಡಪ್ಪ ಬಾಯಿ ಮುಚ್ಚುವುದಷ್ಟೇ ಅಲ್ಲ, ತುಟಿ ಬಿಗಿಯುತ್ತಿದ್ದ. ಕಾರಣ ಕೇಳಿದರೆ, "ಬ್ಯಾರೆ ಸಾಲು ಖರೇನೋ ಸುಳ್ಳೋ ನನಗ ಗೊತ್ತಿಲ್ಲ. ಈ ಸಾಲು ನಾ ಅಂದ್ರ ಸುಳ್ಳು ಅಂತ ಗೊತ್ತದ" ಎನ್ನುತ್ತಿದ್ದ.

ನಮ್ಮ ಅಯ್ಯನವರು ಸಮಾಧಾನದ ಮನುಷ್ಯ. "ಅನ್ಕೋತ ಹೋಗ್ರಿ, ಅನ್ಕೋತ ಅನ್ಕೋತ ಖರೇ ಆಗ್ತದ" ಎಂದು ಬುದ್ಧಿ ಹೇಳಿದರು.

"ಬಸ್ ಬಂತು ಬಂತು ಅಂದ್ರ ಬಸ್ ಬರ್ತದೇನ್ರಿ ಅಯ್ಯನೋರ?"

ಚರ್ಚಿನಿಂದ ಮನೆಗೆ ನಡೆದು ಬರುವಾಗ ದೊಡ್ಡವ್ವನದು ಪ್ರತಿ ವಾರದ ತಕರಾರು. ಆಕೆಗೆ ದೇವರ ಮೇಲೂ ಗಂಡನ ಮೇಲೂ ಸಮನಾದ ನಂಬಿಕೆ ಇತ್ತು. ಇಬ್ಬರೂ ಆಕೆಯ ಮಾತು ಕೇಳುತ್ತಿರಲಿಲ್ಲ.

"ಇವತ್ತರ ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?"

"ಸುಳ್ಳು ಹೇಳಿದಂಗ ಆಗ್ತಿತ್ತು."

"ಯಾರ ಮುಂದ? ಅಲ್ಲಿ ಯಾರೂ ಇಲ್ಲ ಅಂತೀರಲ್ಲ."

"ಯಾರೂ ಇಲ್ಲ ಅಂತ ಸುಳ್ಳು ಹೇಳೂದು, ಮನ್ಯಾಗ ಯಾರೂ ಇಲ್ಲ ಅಂತ ಕಳವು ಮಾಡೂದು, ಎರಡೂ ಒಂದ."

ದೊಡ್ಡವ್ವ ನನ್ನ ಕಡೆ ತಿರುಗಿ, "ನೋಡಪಾ, ಇದು ನಮ್ಮ ಮನ್ಯಾಗಿನ ಸೈತಾನ. ಇದರಷ್ಟು ನೆಟ್ಟಗಿನ ಸೈತಾನನ್ನ ಎಲ್ಲಿಂದ ತಂದಾನೋ ಆ ದೇವರು" ಎನ್ನುವಳು.

ಒಂದು ಸಲ ಹೊರಗಿನಿಂದ, ಊರೂರು ತಿರುಗಿ ಧರ್ಮಬೋಧನೆ ಮಾಡುವ ಸುವಾರ್ತಿಕರೊಬ್ಬರು ಬಂದರು. ನಮ್ಮ ಮನೆಯಲ್ಲೇ ಇಳಿದಿದ್ದರು. ಸಂಜೆ ಅಂಗಳದಲ್ಲಿ ಓಣಿಯ ಜನರನ್ನು ಕೂಡಿಸಿ ಮಾತಾಡುತ್ತ, ದೇವರ ಭಯ ಒಂದಿಲ್ಲದಿದ್ದರೆ ಮನುಷ್ಯ ಕಳ್ಳತನ ಮಾಡುತ್ತಾನೆ, ಕೊಲೆ ಮಾಡುತ್ತಾನೆ, ತಡೆಯುವವರು ಯಾರು ಎಂದು ಗುಡುಗಿದರು. ದೊಡ್ಡಪ್ಪ ಮೂಲೆಯಿಂದ ಕೈ ಎತ್ತಿದ.

"ಸಾಹೇಬರ, ನಾಳಿ ನಿಮಗ ದೇವರಿಲ್ಲ ಅಂತ ಖಾತ್ರಿ ಆತು ಅನ್ಕೋರಿ. ನೀವು ಕಳವು ಮಾಡ್ತೀರೇನ್ರಿ?"

ಸುವಾರ್ತಿಕರು ವಾದದ ಬಿಸಿಯಲ್ಲಿದ್ದರು. "ಮಾಡದ ಏನು? ಯಾಕ ಮಾಡಬಾರದು?" ಎಂದುಬಿಟ್ಟರು.

"ಹಂಗಿದ್ರ ನೀವು ನಂಬಿಕಿ ಗಟ್ಟಿಯಾಗಿ ಹಿಡ್ಕೊಂಡಿರ್ರಿ" ಎಂದ ದೊಡ್ಡಪ್ಪ. "ನಮ್ಮ ಮನ್ಯಾಗ ಇಳಕೊಂಡೀರಿ."

ಅವರು ಒಳ್ಳೆಯ ಮನುಷ್ಯ. ಮರುದಿನ ಹೋಗುವಾಗ ತಮ್ಮ ಚೀಲ ಬಿಚ್ಚಿ ತೋರಿಸಿ ಹೋದರು. ಇಬ್ಬರೂ ಬಹಳ ನಕ್ಕರು.

ದೊಡ್ಡಪ್ಪ ಕ್ಷಮಿಸದೆ ಉಳಿಸಿಕೊಂಡ ಆ ಮನುಷ್ಯ ಯಾರು? ಇದನ್ನು ಇಷ್ಟು ಹೊತ್ತು ಹೇಳದೆ ಇದ್ದುದಕ್ಕೆ ಕಾರಣ, ಅವನು ನನ್ನ ಅಪ್ಪ.

ನಮ್ಮ ಅಜ್ಜಿ ದೇವದುರ್ಗದ ಹತ್ತಿರ, ಕೃಷ್ಣೆಯ ದಡದ ಒಂದು ಹಳ್ಳಿಯವಳು. ದೊಡ್ಡಪ್ಪ ಹುಟ್ಟಿದ ಮೇಲೆ ಆಕೆ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತಳಾದಳು. ಅಪ್ಪ ಹುಟ್ಟಿದ್ದು ಆಮೇಲೆ. ಕಡೆಗಾಲದಲ್ಲಿ ಆಕೆ ರಾಯಚೂರಿನಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದಳು, ಅಲ್ಲೇ ತೀರಿಕೊಂಡಳು. ನಾನಾಗ ಹೈಸ್ಕೂಲಿನಲ್ಲಿದ್ದೆ. ಮಣ್ಣು ಮಾಡುವಾಗ ಪ್ರಸಂಗ, ಅಂದರೆ ಬೋಧನೆ, ಮಾಡಿದವನು ಅಪ್ಪನೇ. ಬೋಧಕರೆಲ್ಲ ಹೇಳುವ ಮಾತನ್ನೇ ಅವನೂ ಹೇಳಿದ: ನಮ್ಮ ತಾಯಿ ಮೊದಲು ಕತ್ತಲಲ್ಲಿದ್ದಳು, ಬೆಳಕು ಕಂಡ ಮೇಲೆಯೇ ಆಕೆಗೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ತಿಳಿಯಿತು.

"ನಿಂದ್ರು" ಎಂದ ದೊಡ್ಡಪ್ಪ. ತೋಡಿದ ಕುಣಿಯ ಆ ಕಡೆ ನಿಂತಿದ್ದ ಅವನ ದನಿಗೆ ಎಲ್ಲರೂ ತಲೆ ಎತ್ತಿದರು.

"ಕತ್ತಲದಾಗಿದ್ದಾಗ ನನ್ನ ಹಡದಾಳ. ನೀನು ಬೆಳಕಿನ್ಯಾಗ ಹುಟ್ಟಿದಾಂವ, ಇರಲಿ. ಹಾಲು ಇಬ್ಬರಿಗೂ ಒಂದ ಕುಡಿಸ್ಯಾಳ. ಹೊಳಿ ದಾರಿಗೆ ಗಡಿಗಿ ಇಡತಿದ್ಲಲ್ಲ, ಆವಾಗ ಆಕಿಗೆ ಯಾವ ಅಯ್ಯನೋರು ಹೇಳಿಕೊಟ್ಟಿದ್ರು?"

ಆ ಗಡಿಗೆಯ ಕಥೆ ನನಗೆ ಗೊತ್ತಾದದ್ದು ಮುಂದೆ, ದೊಡ್ಡಪ್ಪನಿಂದಲೇ. ಹೊಳೆಗೆ ಹೋಗುವ ದಾರಿ ನಮ್ಮವರ ಕೇರಿಯ ಅಂಚಿಗೆ ಹಾದುಹೋಗುತ್ತಿತ್ತು. ಅಜ್ಜಿ ಬೇಸಿಗೆಯಲ್ಲಿ ಬಾಗಿಲ ಮುಂದೆ ಗಡಿಗೆ ಇಡುತ್ತಿದ್ದಳು. ನಮ್ಮ ಕೇರಿಯ ನೀರನ್ನು ಊರವರು ಮುಟ್ಟುತ್ತಿರಲಿಲ್ಲ. ಸಂಜೆಗೆ ತುಂಬಿದ ಗಡಿಗೆ ತುಂಬಿದಂತೆಯೇ ಇರುತ್ತಿತ್ತು. ಆಕೆ ಅದನ್ನು ಗಿಡಕ್ಕೆ ಹಾಕಿ ಬೆಳಿಗ್ಗೆ ಹೊಸ ನೀರು ತುಂಬುವಳು. ಯಾರೂ ಕುಡಿಯದ ನೀರು ಯಾಕೆ ತುಂಬುತ್ತೀ ಎಂದು ಮಗ ಕೇಳಿದರೆ, "ಕುಡಿಲಾರದವರಿಗೆ ಇನ್ನೂ ನೀರಡಿಕಿ ಆಗಿಲ್ಲ ಮಗನ. ಆದಾಗ ಗಡಿಗಿ ಖಾಲಿ ಇರಬಾರದು" ಎಂದಿದ್ದಳಂತೆ.

ಮಣ್ಣು ಹಾಕಿ ಬಂದ ದಿನದಿಂದ ಅಣ್ಣ ತಮ್ಮಂದಿರಿಗೆ ಮಾತು ನಿಂತಿತು. ದೊಡ್ಡಪ್ಪನ ನಂಬಿಕೆ ಹೋದದ್ದೂ ಅಂದೇ ಏನು? ಒಮ್ಮೆ ಕೇಳಿದೆ. "ಯಾವಾಗ ಹೋತು ಅಂತ ಹೇಳಾಕ ಅದೇನು ಬಸ್ಸೇನಲೇ?" ಎಂದ. ಹಾಗಾದರೆ ಚರ್ಚಿಗೆ ಯಾಕೆ ಬರುತ್ತೀ ಎಂದೆ. ನಮ್ಮಲ್ಲಿ ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ ಚಾಪೆಯ ಮೇಲೆ ಕೂಡುತ್ತಾರೆ. ನಡುವೆ ಒಂದು ಕಂಬ. ದೊಡ್ಡಪ್ಪ ಯಾವಾಗಲೂ ಅದಕ್ಕೆ ಬೆನ್ನು ಕೊಟ್ಟು ಕೂಡುತ್ತಿದ್ದ. "ಆ ಕಡಿ ಅವ್ವ ಕುಂದರತಿದ್ಲು" ಎಂದ. "ಬೆನ್ನು ಹಚ್ಚಿ ಹಚ್ಚಿ ಅಲ್ಲಿ ಸುಣ್ಣ ಹೋಗ್ಯದ. ನಾನು ಈ ಕಡಿಂದ ಹಚ್ಚತೀನಿ."

ಆದರೆ ಜಗಳಕ್ಕೂ ಒಂದು ಪದ್ಧತಿ ಇತ್ತು. ಮಕ್ಕಳು ಅದರ ಲೆಕ್ಕಕ್ಕಿರಲಿಲ್ಲ. ಅಪ್ಪ ನನ್ನನ್ನು ಮಾನ್ವಿಯಲ್ಲಿ ಬಸ್ಸು ಹತ್ತಿಸಿದ, ದೊಡ್ಡಪ್ಪ ರಾಯಚೂರಿನಲ್ಲಿ ಇಳಿಸಿಕೊಂಡ. ನನ್ನ ಊಟ, ಬಟ್ಟೆ, ಓದು ಎಲ್ಲ ಅಣ್ಣನ ಮನೆಯಲ್ಲಿ. ತಮ್ಮನೊಂದಿಗೆ ಮಾತು ಮಾತ್ರ ಇಲ್ಲ. ಶನಿವಾರ ಊರಿಗೆ ಹೋದಾಗ ಅಪ್ಪ ಹೇಳಿ ಕಳಿಸುತ್ತಿದ್ದ: "ನಿನಗೋಸ್ಕರ ದಿನಾ ಪ್ರಾರ್ಥನಿ ಮಾಡಾಕತ್ತೀನಿ ಅಂತ ನಿಮ್ಮ ದೊಡ್ಡಪ್ಪಗ ಹೇಳು."

ನಾನು ಹೇಳಿದೆ. ದೊಡ್ಡಪ್ಪ, "ನನಗ ಬ್ಯಾಡ. ಮಾನ್ವಿ ಬಸ್ಸು ಟೈಮಿಗೆ ಬರಲಿ ಅಂತ ಮಾಡು ಅನ್ನು. ಫಲ ಸಿಕ್ಕಿದ್ದು ನನಗೂ ಕಾಣ್ತದ" ಎಂದ.

ನಾನು ಅದನ್ನೂ ಮುಟ್ಟಿಸಿದೆ. ಅಪ್ಪ ಒಂದಿಷ್ಟೂ ನಗದೆ, "ಆತು, ಮಾಡ್ತೀನಿ ಅನ್ನು" ಎಂದ. ಮಾಡಿದನೋ ಏನೋ. ಸೋಮವಾರ ನಾನು ಕುಳಿತಿದ್ದ ಬಸ್ಸು ನಿಲ್ದಾಣ ಹೊಕ್ಕಾಗ ಧ್ವನಿವರ್ಧಕ ಕೇಳಿಸಿತು: "ಮಾನ್ವಿಯ ಬಸ್ಸು ಸರಿಯಾದ ಸಮಯಕ್ಕೆ ಬಂದಿದೆ. ಕಾರಣ ತಿಳಿದುಬಂದಿಲ್ಲ."

ನಾನು ಮುಂದೆ ಪತ್ರಿಕೆಯ ಕೆಲಸಕ್ಕೆ ಸೇರಿದೆ. ಕಂಡದ್ದನ್ನು ಕಂಡಂತೆ ಬರೆ, ಕಾಣದ್ದಕ್ಕೆ ತಿಳಿದುಬಂದಿಲ್ಲ ಎನ್ನು, ಬೇರೆಯವರು ಹೇಳಿದ್ದಾದರೆ ಹೇಳಿದ್ದಾರೆ ಎನ್ನು. ಈ ಪಾಠ ಸಂಪಾದಕರಿಂದ ಕಲಿತದ್ದಲ್ಲ. ಅದರ ಋಣ ರಾಯಚೂರು ಬಸ್ ನಿಲ್ದಾಣದ ಆ ಕಿಟಕಿಯದು. ಅನ್ನದ ಋಣ ದೊಡ್ಡವ್ವನದು.

ಎಂಬತ್ತರ ದಶಕದ ಮೊದಲಲ್ಲಿ, ನಾನಿನ್ನೂ ಕಾಲೇಜಿನಲ್ಲಿದ್ದಾಗಲೇ, ನಮ್ಮ ಅಯ್ಯನವರು ಕಾಯಿಲೆ ಬಿದ್ದರು. ಬೇಸಿಗೆಯ ಒಂದು ಭಾನುವಾರದ ಆರಾಧನೆಗೆ ಮಾನ್ವಿಯಿಂದ ಅಪ್ಪ ಬರುವುದೆಂದು ಗೊತ್ತಾಯಿತು. ದೊಡ್ಡವ್ವ ಸುದ್ದಿ ಕೇಳಿದಾಗಿನಿಂದ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು.

"ಅಲ್ಲಿ ಏನರ ಒದರಿ ಮರ್ಯಾದಿ ಕಳೀಬ್ಯಾಡ್ರಿ. ಈ ಒಂದ್ವಾರ ಹೋಗಬ್ಯಾಡ್ರಿ, ಆಗದಿಲ್ಲೇನು?"

"ನಾ ಯಾವ ವಾರ ತಪ್ಪಿಸೀನಿ?"

ಭಾನುವಾರ ಬೆಳಿಗ್ಗೆ ದೊಡ್ಡಪ್ಪ ಎಂದಿನಂತೆ ನಿಲ್ದಾಣಕ್ಕೆ ಹೋಗಿ ಗಡಿಗೆ ತುಂಬಿ ಬಂದ. ಕ್ಷೌರ ಮಾಡಿಕೊಂಡು, ಬಿಳಿ ಅಂಗಿ ತೊಟ್ಟು, ಕಂಬಕ್ಕೆ ಬೆನ್ನು ಕೊಟ್ಟು ಕೂತ. ಅಪ್ಪ ಸಣ್ಣದೊಂದು ಪ್ರಸಂಗ ಮಾಡಿದ. ಮುಗಿಯುವವರೆಗೂ ಕಂಬದ ಕಡೆ ನೋಡಲಿಲ್ಲ. ಆಮೇಲೆ ಎಲ್ಲರೂ ಎದ್ದು ನಿಂತೆವು. ಕರ್ತನ ಪ್ರಾರ್ಥನೆ ಶುರುವಾಯಿತು. ಅಪ್ಪ ಒಂದೊಂದೇ ಸಾಲು ಹೇಳಿದ, ನಾವು ತಿರುಗಿ ಹೇಳಿದೆವು. ಅನ್ನದ ಸಾಲಿಗೆ ದೊಡ್ಡಪ್ಪನ ದನಿ ಎದ್ದಿತು. ಅಪ್ಪ ತಲೆ ಎತ್ತಿ ಆ ಕಡೆ ನೋಡಿದ.

ಮುಂದಿನದು ಕ್ಷಮೆಯ ಸಾಲು. ಅಣ್ಣ ಅದಕ್ಕೆ ತುಟಿ ಬಿಗಿಯುತ್ತಾನೆ ಎಂದು ಅಪ್ಪನಿಗೆ ನಾನೇ ಹಿಂದೊಮ್ಮೆ ಹೇಳಿದ್ದೆ. ಅಪ್ಪ ಬಾಯಿ ತೆರೆದ. ಮಾತು ಬರಲಿಲ್ಲ. ಇನ್ನೊಮ್ಮೆ ತೆರೆದ. ಬರಲಿಲ್ಲ. ಅವನ ಕಣ್ಣು ಕಂಬದ ಎಡಕ್ಕೆ, ಸುಣ್ಣ ಹೋದ ಜಾಗದ ಮೇಲಿತ್ತು. ಸಭೆಯೆಲ್ಲ ಅರ್ಧ ಬಾಯಿ ತೆರೆದು ಕಾಯುತ್ತಿತ್ತು. ಅಷ್ಟು ವರ್ಷ ಊರೂರಿಗೆ ಕ್ಷಮೆ ಬೋಧಿಸಿದ ಮನುಷ್ಯ ಬೆವರುತ್ತ ನಿಂತಿದ್ದ. ದೊಡ್ಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಗ ಕಂಬದ ಪಕ್ಕದಿಂದ ಆ ಸಾಲು ಬಂತು. ಪೂರ್ತಿಯಾಗಿ, ನಿಧಾನವಾಗಿ, ಹಿಂದಿನ ಸಾಲಿನವರಿಗೂ ಕೇಳುವಂತೆ. ಬಸ್ಸು ಬಂದ ಮೇಲೆ ಬಂದಿದೆ ಎನ್ನುವ ಅದೇ ದನಿ.

ನಮಗೆ ಗೊತ್ತಿದ್ದ ರೂಢಿ ಒಂದೇ. ಯಾರಾದರೂ ಹೇಳಿಕೊಟ್ಟರೆ ತಿರುಗಿ ಹೇಳುವುದು. ಇಡೀ ಚರ್ಚು ಯೋಚನೆ ಮಾಡದೆ ದೊಡ್ಡಪ್ಪನ ಹಿಂದೆ ಆ ಸಾಲು ಹೇಳಿತು. ವೇದಿಕೆಯ ಮೇಲೆ ನಿಂತಿದ್ದ ಅಪ್ಪನೂ ನಮ್ಮ ಜೊತೆಗೇ ಹೇಳಿದ. ಆಮೇಲೆ ಮುಂದಿನ ಸಾಲನ್ನು ತಾನೇ ಹೇಳಿಕೊಟ್ಟು ಪ್ರಾರ್ಥನೆ ಮುಗಿಸಿದ.

ಬಾಗಿಲಲ್ಲಿ ಸಭೆಯ ಹಿರಿಯರೊಬ್ಬರು ದೊಡ್ಡಪ್ಪನ ಕೈ ಹಿಡಿದು, "ಅಂತೂ ನಂಬಿಕಿ ಬಂತಲ್ರೀ" ಎಂದರು.

"ಇಲ್ರಿ. ಅವನ ಬಾಯಿ ಒಣಗಿತ್ತು, ಅಷ್ಟ" ಎಂದು ದೊಡ್ಡಪ್ಪ ಚಪ್ಪಲಿ ಮೆಟ್ಟಿದ.

ಮಧ್ಯಾಹ್ನ ಅಪ್ಪ ನಮ್ಮ ಮನೆಗೇ ಊಟಕ್ಕೆ ಬಂದ. ಯಾರು ಕರೆದರು ಎಂಬುದು ತಿಳಿದುಬಂದಿಲ್ಲ. ಇಬ್ಬರೂ ಗೋಡೆಗೆ ಬೆನ್ನು ಹಚ್ಚಿ ಕೂತು ರೊಟ್ಟಿ ಮುರಿದರು. ಎರಡನೇ ರೊಟ್ಟಿಗೆ ಅಪ್ಪ ತಾಟು ನೋಡುತ್ತಲೇ, "ಅವ್ವ ಕತ್ತಲದಾಗ ಇರಲಿಲ್ಲ ಬಿಡಣ್ಣ" ಎಂದ.

ದೊಡ್ಡಪ್ಪ ಅಗಿಯುವುದನ್ನು ಮುಗಿಸಿದ. "ಇದ್ಲಲೇ. ಊರಾಗ ಕರೆಂಟ್ ಎಲ್ಲಿತ್ತು?"

ದೊಡ್ಡವ್ವ ನಕ್ಕ ರಭಸಕ್ಕೆ ಪಲ್ಯದ ಸೌಟು ಕೆಳಗೆ ಬಿತ್ತು. ಅಪ್ಪ ನಗಲಾರದೆ, ಅಳಲಾರದೆ, "ಆ ಗಡಿಗಿ ಸುದ್ದಿ ಪೂರಾ ಹೇಳಣ್ಣ, ನಾ ಹುಟ್ಟಿದ್ದಿಲ್ಲ" ಎಂದ. ಸಂಜೆಯವರೆಗೆ ಹೇಳುವುದು, ಕೇಳುವುದು ನಡೆಯಿತು.

ಸಂಜೆ ನಾವು ಮೂವರೂ ನಿಲ್ದಾಣಕ್ಕೆ ನಡೆದೆವು. ಅಪ್ಪ ಕಿಟಕಿಯ ಪಕ್ಕದ ಗಡಿಗೆಯಿಂದ ಒಂದು ಲೋಟ ನೀರು ಕುಡಿದು ಬಸ್ಸು ಹತ್ತಿದ. ದೊಡ್ಡಪ್ಪನಿಗೆ ಅಂದು ರಜೆ. ಆದರೂ ಒಳಗೆ ಹೋಗಿ, ಮೈಕಿನ ಮುಂದೆ ಕೂತಿದ್ದ ಸಹೋದ್ಯೋಗಿಯನ್ನು ಎಬ್ಬಿಸಿ ತಾನು ಕೂತ.

"ಪ್ರಯಾಣಿಕರ ಗಮನಕ್ಕೆ. ಮಾನ್ವಿಗೆ ಹೋಗುವ ಬಸ್ಸು ಹೊರಟಿದೆ." ಇಲ್ಲಿಯವರೆಗೆ ಎಂದಿನಂತೆಯೇ ಇತ್ತು. ಆಮೇಲೆ ಗ್ರಂಥಸ್ಥ ಕನ್ನಡ ಕೈಬಿಟ್ಟಿತು. "ಡ್ರೈವರ್ ಸಾಹೇಬರ, ಅದರಾಗ ನನ್ನ ತಮ್ಮ ಕುಂತಾನ. ಸಾವಕಾಶ ಹೋಗ್ರಿ." ಮೈಕು ಸ್ವಲ್ಪ ಹೊತ್ತು ಗೊರಗೊರ ಎಂದಿತು. "ಬಸ್ಸು ಸುಖವಾಗಿ ಮುಟ್ಟತದ."

ಬಸ್ಸು ಇನ್ನೂ ನಿಲ್ದಾಣದ ಗೇಟು ದಾಟಿರಲಿಲ್ಲ. ದೊಡ್ಡಪ್ಪ ಹೊರಗೆ ಬಂದಾಗ ನಾನು ಕೇಳಿದೆ, "ಮುಟ್ಟತದ ಅಂತ ನಿನಗ ಹೆಂಗ ಗೊತ್ತು ದೊಡ್ಡಪ್ಪ?"

ಅವನು ಬಸ್ಸು ಹೋದ ದಿಕ್ಕನ್ನೇ ನೋಡುತ್ತ ನಿಂತಿದ್ದ.

"ಸುಮ್ನಿರಲೇ" ಎಂದ.